ಆನ್‌ಲೈನ್ ಅಂಗಡಿಯ ಪಾಸ್‌ವರ್ಡ್ ಕಳವಾದಾಗ ರೈತರು ಕೈಕೊಳ್ಳಬೇಕಾದ ಕ್ರಮಗಳು

ಕಳೆದ ಮುಂಗಾರಿನಲ್ಲಿ ಬೆಳಗಾವಿ–ಖಾನಾಪುರ ರಸ್ತೆಯ ದೇಸೂರ ಗ್ರಾಮದಲ್ಲಿ ಭತ್ತದ ಬೆಂಕಿ ರೋಗದ ಹತೋಟಿ ಕುರಿತು ರೈತರ ಸಭೆ ಸೇರಿತ್ತು. ಸಭೆ ಮುಗಿದ ಮೇಲೆ ರೈತರೊಬ್ಬರು ಪಕ್ಕಕ್ಕೆ ಕರೆದು ತಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಅವರು ಎರಡು ವರ್ಷಗಳ ಹಿಂದೆ ಆನ್‌ಲೈನ್ ಅಂಗಡಿಯೊಂದರಿಂದ ಔಷಧ ಹೊಡೆಯುವ ಬ್ಯಾಟರಿ ಪಂಪು ತರಿಸಿದ್ದರು. ಹಿಂದಿನ ದಿನ ಯಾರೋ ಫೋನು ಮಾಡಿ, ಪಂಪಿನಲ್ಲಿ ದೋಷವಿದೆಯೆಂದು ಕಂಪನಿ ಹಣ ಮರಳಿಸುತ್ತಿದೆ, ಮೊಬೈಲಿಗೆ ಬಂದ ಆರು ಅಂಕಿಗಳನ್ನು ಹೇಳಿರಿ ಎಂದಿದ್ದರಂತೆ.

"ಸರ್, ಆ ಮನುಷ್ಯಾಗ ನನ್ನ ಹೆಸರು, ನಮ್ಮೂರು, ನಾ ಯಾವ ಪಂಪು ತರಿಸೀನಿ ಅನ್ನೋದು ಎಲ್ಲಾ ಗೊತ್ತಿತ್ತು. ಅದಕ್ಕ ಅಂಗಡಿಯವರ ಅಂತ ನಂಬಿದೆ" ಎಂದರು. ಮೂರು ಅಂಕಿ ಹೇಳಿ ಮುಗಿಸುವಷ್ಟರಲ್ಲಿ ಕಾಲೇಜು ಓದುವ ಮಗಳು ಬಂದು ಫೋನು ಕಸಿದುಕೊಂಡಿದ್ದಳು. ಖಾತೆಯಲ್ಲಿದ್ದದ್ದು ಕಬ್ಬಿನ ಬಿಲ್ಲಿನ ಹಣ. ಅದರಲ್ಲಿ ಅರ್ಧ ಅವಳ ಕಾಲೇಜಿನ ಶುಲ್ಕಕ್ಕೆಂದು ತೆಗೆದಿಟ್ಟದ್ದು.

ಈ ವಿವರಗಳು ಎಲ್ಲಿಂದ ಸೋರಿದವು ಎಂಬುದನ್ನು ಹೇಳಲು ಬರುವಂತಿರಲಿಲ್ಲ. ಆದರೆ ವಿಚಾರಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ಅವರ ಅಂಗಡಿಯ ಖಾತೆಗೂ ಇ-ಮೇಲ್ ಖಾತೆಗೂ ಒಂದೇ ಪಾಸ್‌ವರ್ಡ್ ಇತ್ತು. ಅದೂ ಅವರ ಮೊಬೈಲ್ ಸಂಖ್ಯೆಯೇ ಆಗಿತ್ತು. ಅವರಿಗೆ ಬುದ್ಧಿ ಹೇಳಿ ಮನೆಗೆ ಬಂದ ಮೇಲೆ ನನ್ನ ಖಾತೆಗಳನ್ನು ನೋಡಿಕೊಂಡೆ. ನನ್ನಲ್ಲೂ ಮೂರು ಕಡೆ ಒಂದೇ ಪಾಸ್‌ವರ್ಡ್ ಇತ್ತು. ಆ ರಾತ್ರಿ ಅವನ್ನು ಬದಲಿಸಿ ಮುಗಿಸಿದೆ. ಈ ಲೇಖನ ಬರೆಯಲು ಅದೇ ಕಾರಣ.

ಇಂದು ಬೀಜ, ಉಪಕರಣ, ಟಾರ್ಪಾಲು, ಹನಿ ನೀರಾವರಿಯ ಬಿಡಿಭಾಗಗಳನ್ನು ಮೊಬೈಲಿನ ಮೂಲಕ ತರಿಸಿಕೊಳ್ಳುವ ರೈತರು ಹೆಚ್ಚುತ್ತಿದ್ದಾರೆ. ಅಂಗಡಿಯ ದಾಖಲೆ ಕಳವಾದರೆ ಏನಾಗುತ್ತದೆ, ಕೂಡಲೇ ಏನು ಮಾಡಬೇಕು ಎಂಬುದನ್ನು ಪ್ರತಿಯೊಬ್ಬರೂ ತಿಳಿದಿರುವುದು ಅವಶ್ಯ.

ನಮ್ಮ ರಾಜ್ಯದ ಒಂದು ಉದಾಹರಣೆ

ಬೆಂಗಳೂರಿನ ಬಿಗ್‌ಬಾಸ್ಕೆಟ್ 2011ರಲ್ಲಿ ಆರಂಭವಾದ ಸಂಸ್ಥೆ. ಕಿರಾಣಿ, ಕಾಯಿಪಲ್ಲೆ, ಹಣ್ಣುಗಳನ್ನು ಆನ್‌ಲೈನಿನಲ್ಲಿ ಮಾರುತ್ತದೆ. 2020ರ ಅಕ್ಟೋಬರ್ ತಿಂಗಳಲ್ಲಿ ಇದರ ಗ್ರಾಹಕರ ದಾಖಲೆ ಕಳವಾಯಿತು. ಸೈಬಲ್ ಎಂಬ ಸೈಬರ್ ಭದ್ರತಾ ಸಂಸ್ಥೆ ಇದನ್ನು ಪತ್ತೆ ಹಚ್ಚಿ ನವೆಂಬರ್ ತಿಂಗಳಲ್ಲಿ ಬಹಿರಂಗಪಡಿಸಿತು. ಸುಮಾರು 2 ಕೋಟಿ ಗ್ರಾಹಕರ ವಿವರಗಳುಳ್ಳ, ಸುಮಾರು 15 ಗಿಗಾಬೈಟ್ ಗಾತ್ರದ ದಾಖಲೆ ಅಂತರ್ಜಾಲದ ಕಳ್ಳಸಂತೆಯಲ್ಲಿ 40,000 ಡಾಲರಿಗೆ ಮಾರಾಟಕ್ಕಿತ್ತು. ಆಗಿನ ದರದಲ್ಲಿ ಇದು ಸುಮಾರು 30 ಲಕ್ಷ ರೂಪಾಯಿ. ಲೆಕ್ಕ ಹಾಕಿದರೆ ಒಬ್ಬ ಗ್ರಾಹಕನ ವಿವರಕ್ಕೆ ಬಿದ್ದ ಬೆಲೆ ಸುಮಾರು 15 ಪೈಸೆ!

ಈ ದಾಖಲೆಯಲ್ಲಿ ಹೆಸರು, ಇ-ಮೇಲ್, ಮೊಬೈಲ್ ಸಂಖ್ಯೆ, ಮನೆಯ ವಿಳಾಸ, ಹುಟ್ಟಿದ ದಿನಾಂಕ, ಜೊತೆಗೆ ಮರೆಮಾಡಿದ ರೂಪದಲ್ಲಿ ಪಾಸ್‌ವರ್ಡ್‌ಗಳು ಇದ್ದವು. ಕಾರ್ಡಿನ ಸಂಖ್ಯೆಯಂತಹ ಹಣಕಾಸಿನ ವಿವರಗಳನ್ನು ತಾನು ಸಂಗ್ರಹಿಸಿಡುವುದಿಲ್ಲವೆಂದು ಸಂಸ್ಥೆ ತಿಳಿಸಿತು. ಬೆಂಗಳೂರಿನ ಸೈಬರ್ ಅಪರಾಧ ಪೊಲೀಸರಿಗೆ ದೂರು ಕೊಟ್ಟಿತು. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಮೊದಲು ಹಣಕ್ಕೆ ಮಾರಾಟವಾಗುತ್ತಿದ್ದ ಅದೇ ದಾಖಲೆ 2021ರ ಏಪ್ರಿಲ್ ತಿಂಗಳಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯುವಂತೆ ಬಯಲಿಗೆ ಬಿತ್ತು.

ಈ ಪ್ರಸಂಗದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಕಳವಾದ ದಿನಕ್ಕೂ ಸುದ್ದಿ ನಮ್ಮ ಕಿವಿಗೆ ಬೀಳುವ ದಿನಕ್ಕೂ ಅಂತರವಿರುತ್ತದೆ. ಒಮ್ಮೆ ಹೊರಬಿದ್ದ ವಿವರ ಮತ್ತೆ ಒಳಗೆ ಬರುವುದಿಲ್ಲ. ಪಾಸ್‌ವರ್ಡನ್ನು ಬದಲಿಸಬಹುದು. ಮನೆಯ ವಿಳಾಸವನ್ನಾಗಲಿ ಹುಟ್ಟಿದ ದಿನಾಂಕವನ್ನಾಗಲಿ ಬದಲಿಸಲಾಗದು.

ಅಂಗಡಿಯವರು ಪಾಸ್‌ವರ್ಡ್ ಇಡುವ ಬಗೆ

ಜವಾಬ್ದಾರಿಯುಳ್ಳ ಅಂಗಡಿಯವರು ನಮ್ಮ ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡುವುದಿಲ್ಲ. ಗಣಿತದ ಒಂದು ವಿಧಾನದಿಂದ ಅದನ್ನು ಅರೆದು, ಗುರುತು ಸಿಗದ ಅಕ್ಷರಗಳ ಸಾಲನ್ನಾಗಿ ಮಾಡಿ ಇಡುತ್ತಾರೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಗಿರಣಿಯಲ್ಲಿ ಜೋಳ ಹಾಕಿದರೆ ಹಿಟ್ಟು ಬರುತ್ತದೆ. ಹಿಟ್ಟಿನಿಂದ ಮತ್ತೆ ಜೋಳ ಮಾಡಲು ಬರುವುದಿಲ್ಲ. ಇದೂ ಹಾಗೆಯೇ. ನಾವು ಪ್ರತಿ ಸಲ ಪಾಸ್‌ವರ್ಡ್ ಹಾಕಿದಾಗ ಅಂಗಡಿಯ ಕಂಪ್ಯೂಟರು ಅದನ್ನು ಹೊಸದಾಗಿ ಅರೆದು, ತನ್ನಲ್ಲಿರುವ ಹಿಟ್ಟಿನೊಡನೆ ಹೋಲಿಸಿ ನೋಡುತ್ತದೆ. ಎರಡೂ ಒಂದೇ ಆದರೆ ಬಾಗಿಲು ತೆರೆಯುತ್ತದೆ.

ಹಾಗಾದರೆ ಕಳ್ಳನಿಗೆ ಹಿಟ್ಟು ಸಿಕ್ಕರೆ ಭಯವೇಕೆ? ಅವನು ಹಿಟ್ಟಿನಿಂದ ಜೋಳ ಮಾಡಲು ಹೋಗುವುದಿಲ್ಲ. ಜನ ಸಾಮಾನ್ಯವಾಗಿ ಇಟ್ಟುಕೊಳ್ಳುವ ಪಾಸ್‌ವರ್ಡ್‌ಗಳ ಪಟ್ಟಿ ಮಾಡಿ, ಒಂದೊಂದನ್ನೇ ತಾನೂ ಅರೆದು ಹೋಲಿಸುತ್ತಾನೆ. ಇದನ್ನು ತಡೆಯಲು ಪ್ರತಿ ಗ್ರಾಹಕನ ಪಾಸ್‌ವರ್ಡಿಗೂ ಬೇರೆ ಬೇರೆ ಅಕ್ಷರಗಳನ್ನು ಬೆರೆಸಿ ಅರೆಯುವ ಪದ್ಧತಿ ಇದೆ. ಇದಕ್ಕೆ ಉಪ್ಪು ಎಂದೇ ಹೆಸರು. ಅಮೆರಿಕದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬ ತಜ್ಞರು 1979ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದಾರೆ. ಉಪ್ಪು ಬೆರೆಸಿದಾಗ ಕಳ್ಳನು ಎಲ್ಲರ ಪಾಸ್‌ವರ್ಡನ್ನು ಒಟ್ಟಿಗೆ ಹುಡುಕಲಾರ. ಒಬ್ಬೊಬ್ಬರದನ್ನೂ ಬೇರೆಯಾಗಿ ಹುಡುಕಬೇಕು. ಆದರೆ ಸುಲಭದ ಪಾಸ್‌ವರ್ಡನ್ನು ಉಪ್ಪು ಕಾಪಾಡಲಾರದು.

ಅರೆಯುವ ವಿಧಾನವೂ ಮುಖ್ಯ. ಬಿಗ್‌ಬಾಸ್ಕೆಟ್ ದಾಖಲೆಯಲ್ಲಿದ್ದದ್ದು ಎಸ್‌ಎಚ್‌ಎ-1 ಎಂಬ ಹಳೆಯ ವಿಧಾನ. ಇದು ಬಹಳ ವೇಗವಾಗಿ ನಡೆಯುತ್ತದೆ. ಆ ವೇಗ ಕಳ್ಳನಿಗೇ ಅನುಕೂಲ. ಬಿಕ್ರಿಪ್ಟ್, ಆರ್ಗಾನ್-2 ಮುಂತಾದ ವಿಧಾನಗಳನ್ನು ಬೇಕೆಂದೇ ನಿಧಾನವಾಗಿರುವಂತೆ ರೂಪಿಸಲಾಗಿದೆ. ಇವನ್ನು ಬಳಸಿದ ಕಡೆ ಊಹಿಸುವ ಕೆಲಸ ಬಹಳ ತಡವಾಗುತ್ತದೆ. ಆದರೆ ಯಾವ ಅಂಗಡಿಯವರು ಯಾವ ವಿಧಾನ ಬಳಸುತ್ತಾರೆಂಬುದು ಗ್ರಾಹಕನಿಗೆ ಕಾಣುವುದಿಲ್ಲ. ಆದ್ದರಿಂದ ನಮ್ಮ ಕೈಯಲ್ಲಿರುವುದನ್ನು ನಾವು ಗಟ್ಟಿ ಮಾಡಿಕೊಳ್ಳುವುದೇ ಮೇಲು.

ಹಾನಿ ಹರಡುವ ಬಗೆ

ಆನ್‌ಲೈನ್ ಅಂಗಡಿಯ ಖಾತೆಯೊಂದರಿಂದ ಕಳ್ಳನಿಗೆ ಸಿಗುವ ಲಾಭ ಕಡಿಮೆ. ಹಾನಿ ಅಲ್ಲಿಂದ ಬೇರೆಡೆಗೆ ಹರಡುತ್ತದೆ. ಇದು ಮುಖ್ಯವಾಗಿ ಮೂರು ದಾರಿಗಳಲ್ಲಿ ಆಗುತ್ತದೆ.

1) ಒಂದೇ ಪಾಸ್‌ವರ್ಡಿನ ಬಳಕೆ: ಒಂದು ಕಡೆ ಸಿಕ್ಕ ಇ-ಮೇಲ್ ಮತ್ತು ಪಾಸ್‌ವರ್ಡನ್ನು ಕಳ್ಳರು ನೂರಾರು ಬೇರೆ ತಾಣಗಳಲ್ಲಿ ಹಾಕಿ ನೋಡುತ್ತಾರೆ. ಈ ಕೆಲಸವನ್ನು ಯಂತ್ರಗಳೇ ಮಾಡುತ್ತವೆ. ಮನೆ, ಗೋದಾಮು, ಪಂಪ್‌ಸೆಟ್ಟಿನ ಕೋಣೆ ಎಲ್ಲಕ್ಕೂ ಒಂದೇ ಕೀಲಿಕೈ ಮಾಡಿಸಿದವನ ಪಾಡೇ ಇಲ್ಲಿಯೂ ಆಗುತ್ತದೆ.

2) ಇ-ಮೇಲ್ ಖಾತೆ: ಯಾವ ತಾಣದಲ್ಲಾದರೂ ಪಾಸ್‌ವರ್ಡ್ ಮರೆತರೆ ಹೊಸದನ್ನು ಮಾಡಿಕೊಳ್ಳುವ ಸಂದೇಶ ಹೆಚ್ಚಾಗಿ ಇ-ಮೇಲಿಗೆ ಬರುತ್ತದೆ. ಆದ್ದರಿಂದ ಇ-ಮೇಲ್ ಕೈವಶವಾದರೆ ಉಳಿದ ಖಾತೆಗಳ ಬಾಗಿಲೂ ತೆರೆದಂತೆ.

3) ಮೋಸದ ಕರೆ: ಹೆಸರು, ಊರು, ತರಿಸಿದ ಸಾಮಾನು ಗೊತ್ತಿರುವವನು ಕರೆ ಮಾಡಿದರೆ ನಂಬಿಕೆ ಹುಟ್ಟುವುದು ಸಹಜ. ದೇಸೂರದ ರೈತರಿಗೆ ಆದದ್ದು ಇದೇ. ವಿವರಗಳು ಸೋರಿ ವರ್ಷಗಳು ಕಳೆದ ಮೇಲೂ ಇಂತಹ ಕರೆಗಳು ಬರಬಹುದು.

ಗಮನಿಸಬೇಕಾದ ಲಕ್ಷಣಗಳು

ನಾವು ಕೇಳದೆಯೇ ಓಟಿಪಿ ಸಂಖ್ಯೆಗಳು ಬರುವುದು. ಹೊಸ ಸಾಧನದಿಂದ ಖಾತೆ ತೆರೆಯಲಾಗಿದೆ ಎಂಬ ಸೂಚನೆ ಬರುವುದು. ನಾವು ಮಾಡದ ಖರೀದಿ ಅಥವಾ ಹೊಸ ವಿಳಾಸ ಖಾತೆಯಲ್ಲಿ ಕಾಣುವುದು. ಸರಿಯಾದ ಪಾಸ್‌ವರ್ಡ್ ಹಾಕಿದರೂ ಖಾತೆ ತೆರೆಯದಿರುವುದು. ಸುತ್ತಲಿನವರ ಮೊಬೈಲುಗಳು ಸರಿಯಿದ್ದು ನಮ್ಮ ಸಿಮ್ ಮಾತ್ರ ಬಹಳ ಹೊತ್ತು ಸಿಗ್ನಲ್ ಕಳೆದುಕೊಳ್ಳುವುದು. ಇವುಗಳಲ್ಲಿ ಒಂದು ಕಂಡರೂ ಕೆಳಗಿನ ಕ್ರಮಗಳನ್ನು ತಡಮಾಡದೆ ಅನುಸರಿಸಬೇಕು. ಯಾವ ಲಕ್ಷಣವೂ ಕಾಣದೆ, ಅಂಗಡಿಯ ದಾಖಲೆ ಕಳವಾದ ಸುದ್ದಿ ಮಾತ್ರ ತಿಳಿದಾಗಲೂ ಇವನ್ನೇ ಅನುಸರಿಸುವುದು ಒಳ್ಳೆಯದು.

ಕೈಕೊಳ್ಳಬೇಕಾದ ಕ್ರಮಗಳು

1) ಸಂದೇಶದಲ್ಲಿನ ಕೊಂಡಿಯನ್ನು ಒತ್ತಬಾರದು. "ನಿಮ್ಮ ಖಾತೆ ಅಪಾಯದಲ್ಲಿದೆ, ಇಲ್ಲಿ ಒತ್ತಿರಿ" ಎಂಬ ಸಂದೇಶವೇ ಬಲೆಯಾಗಿರಬಹುದು. ದಿನವೂ ಬಳಸುವ ಆ್ಯಪ್ ಮೂಲಕವೇ ಅಂಗಡಿಯ ಖಾತೆಗೆ ಹೋಗಬೇಕು.

2) ಆ ಅಂಗಡಿಯ ಪಾಸ್‌ವರ್ಡನ್ನು ಪೂರ್ತಿ ಬದಲಿಸಬೇಕು. ಹಳೆಯದರ ಕೊನೆಗೆ 1 ಅಥವಾ 2 ಸೇರಿಸಿದರೆ ಪ್ರಯೋಜನವಿಲ್ಲ. ಕಳ್ಳರು ಮೊದಲು ಊಹಿಸುವುದು ಅದನ್ನೇ. ಬದಲಿಸಿದ ಮೇಲೆ "ಎಲ್ಲ ಸಾಧನಗಳಿಂದ ಹೊರಬನ್ನಿ" ಎಂಬ ಅನುಕೂಲವಿದ್ದರೆ ಅದನ್ನು ಬಳಸಬೇಕು. ಇಲ್ಲವಾದರೆ ಈಗಾಗಲೇ ಒಳಗೆ ಬಂದವನು ಒಳಗೇ ಉಳಿಯಬಹುದು.

3) ಅದೇ ಪಾಸ್‌ವರ್ಡ್ ಇರುವ ಬೇರೆಲ್ಲ ಖಾತೆಗಳಲ್ಲೂ ಬದಲಿಸಬೇಕು. ಮೊದಲು ಇ-ಮೇಲ್, ಆಮೇಲೆ ಬ್ಯಾಂಕು, ನಂತರ ಉಳಿದವು. ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡ್ ಇರಬೇಕು.

4) ಇ-ಮೇಲಿಗೂ ಅಂಗಡಿಯ ಖಾತೆಗೂ ಎರಡು ಹಂತದ ಪರಿಶೀಲನೆಯನ್ನು ಹಾಕಿಕೊಳ್ಳಬೇಕು. ಆಗ ಪಾಸ್‌ವರ್ಡ್ ತಿಳಿದರೂ ಮೊಬೈಲಿಗೆ ಬರುವ ಸಂಖ್ಯೆಯಿಲ್ಲದೆ ಖಾತೆ ತೆರೆಯದು.

5) ಇ-ಮೇಲ್ ಖಾತೆಯ ಒಳಗೆ ನೋಡಬೇಕು. ಬಂದ ಪತ್ರಗಳನ್ನು ಬೇರೊಂದು ವಿಳಾಸಕ್ಕೆ ಕಳಿಸುವ ಏರ್ಪಾಡನ್ನು ಯಾರಾದರೂ ಮಾಡಿದ್ದಾರೆಯೇ, ನಮ್ಮದಲ್ಲದ ಮೊಬೈಲ್ ಸಂಖ್ಯೆ ಸೇರಿದೆಯೇ ಎಂದು ಪರೀಕ್ಷಿಸಿ ತೆಗೆದುಹಾಕಬೇಕು.

6) ಅಂಗಡಿಯ ಖಾತೆಯಲ್ಲಿ ವಿಳಾಸ, ಹಿಂದಿನ ಖರೀದಿಗಳು, ಅಲ್ಲಿ ಇಟ್ಟ ಮುಂಗಡ ಹಣ ಇವನ್ನು ನೋಡಬೇಕು. ಖಾತೆ ಬೇಡವಾದರೆ ಅಳಿಸಿಹಾಕುವುದು ಒಳ್ಳೆಯದು. ಉಪಯೋಗಿಸದ ಖಾತೆ ಹೊಲದ ಬದುವಿನ ಕಳೆಯಂತೆ. ನಾವು ಮರೆತರೂ ಅದು ಇದ್ದೇ ಇರುತ್ತದೆ.

7) ಕಾರ್ಡಿನ ವಿಷಯ: 2022ರ ಅಕ್ಟೋಬರ್ 1ರಿಂದ ಅಂಗಡಿಯವರು ಗ್ರಾಹಕರ ಕಾರ್ಡಿನ ಪೂರ್ತಿ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳಬಾರದೆಂದು ರಿಸರ್ವ್ ಬ್ಯಾಂಕು ನಿಯಮ ಮಾಡಿದೆ. ಬದಲಿಗೆ ಟೋಕನ್ ಎಂಬ ಸಂಕೇತವನ್ನು ಇಡುತ್ತಾರೆ. ಆದ್ದರಿಂದ ಪಾಸ್‌ವರ್ಡ್ ಕಳವಾದ ಮಾತ್ರಕ್ಕೆ ಕಾರ್ಡು ಕಳವಾದಂತಲ್ಲ. ಆದರೂ ಕಾರ್ಡಿನ ವಿವರವೂ ಹೋಗಿದೆಯೆಂಬ ಸಂಶಯ ಬಂದರೆ ಬ್ಯಾಂಕಿಗೆ ಹೇಳಿ ಅದನ್ನು ನಿಲ್ಲಿಸಬೇಕು.

8) ಸಿಮ್ ಏಕಾಏಕಿ ಸತ್ತಂತಾದರೆ ಬೇರೊಂದು ಫೋನಿನಿಂದ ಮೊಬೈಲ್ ಕಂಪನಿಗೂ ಬ್ಯಾಂಕಿಗೂ ತಿಳಿಸಬೇಕು. ನಮ್ಮ ಸಂಖ್ಯೆಯ ಮೇಲೆ ಬೇರೊಬ್ಬರು ಸಿಮ್ ಪಡೆದಿರುವ ಸಾಧ್ಯತೆ ಇರುತ್ತದೆ.

ಇ-ಮೇಲ್ ವಿಳಾಸ ಯಾವುದಾದರೂ ಕಳವಾದ ದಾಖಲೆಯಲ್ಲಿ ಸೇರಿದೆಯೇ ಎಂದು ನೋಡಲು ಹ್ಯಾವ್ ಐ ಬೀನ್ ಪೌನ್ಡ್ ಎಂಬ ಉಚಿತ ತಾಣವಿದೆ. ಆಸ್ಟ್ರೇಲಿಯದ ಟ್ರಾಯ್ ಹಂಟ್ ಎಂಬ ತಜ್ಞರು ಇದನ್ನು 2013ರಲ್ಲಿ ಆರಂಭಿಸಿದರು. ಬಿಗ್‌ಬಾಸ್ಕೆಟ್ ದಾಖಲೆಯೂ ಇದರಲ್ಲಿ ಸೇರಿದೆ. ಅಲ್ಲಿ ಇ-ಮೇಲ್ ವಿಳಾಸವನ್ನು ಹಾಕಿದರೆ ಸಾಕು. ಪಾಸ್‌ವರ್ಡನ್ನು ಹೀಗೆ ಪರೀಕ್ಷಿಸಲೆಂದು ಯಾರಿಗೂ ಯಾವ ತಾಣಕ್ಕೂ ಕೊಡಬಾರದು.

ಹಣವೇ ಹೋದಾಗ

ಖಾತೆಯಿಂದ ಹಣ ಹೋಗಿದ್ದರೆ ಮೊದಲ ಕೆಲಸ 1930 ಸಂಖ್ಯೆಗೆ ಕರೆ ಮಾಡುವುದು. ಇದು ಆನ್‌ಲೈನ್ ಹಣಕಾಸಿನ ಮೋಸಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ಬೇಗ ಬೇಗ ಸಾಗಿಸುತ್ತಾರೆ. ಅದು ಕೈಬಿಟ್ಟು ಹೋಗುವ ಮೊದಲೇ ತಡೆಹಿಡಿಯಬೇಕಾದರೆ ದೂರು ಬೇಗ ತಲುಪಬೇಕು. ಜೊತೆಗೇ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ದೂರು ತಾಣದಲ್ಲಿ ಅಥವಾ ಸಮೀಪದ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಡಬೇಕು. ಬಂದ ಸಂದೇಶಗಳನ್ನು, ಕರೆ ಮಾಡಿದ ಸಂಖ್ಯೆಯನ್ನು ಅಳಿಸಬಾರದು, ಅವೇ ಸಾಕ್ಷಿ.

2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯು ಈ ವಿಷಯದಲ್ಲಿ ಒಂದು ಮುಖ್ಯ ತತ್ವವನ್ನು ಹಾಕಿಕೊಟ್ಟಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಬೇರೆಡೆ ಆಗಿದ್ದು, ಗ್ರಾಹಕನು ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನ ಮೇಲೆ ನಷ್ಟದ ಹೊರೆ ಬೀಳುವುದಿಲ್ಲ. ನಾಲ್ಕರಿಂದ ಏಳು ದಿನಗಳೊಳಗೆ ತಿಳಿಸಿದರೆ ಹೊರೆಗೆ ಮಿತಿ ಇರುತ್ತದೆ. ಆದರೆ ಗ್ರಾಹಕನೇ ಓಟಿಪಿ ಅಥವಾ ಪಿನ್ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ಸಹಕಾರಿ ಬ್ಯಾಂಕುಗಳಿಗೂ ಇಂಥದೇ ಸುತ್ತೋಲೆ ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಹೊರಟಿತು. ಈಗಿನ ನಿಯಮದ ವಿವರವನ್ನು ತಮ್ಮ ಶಾಖೆಯಲ್ಲಿ ಕೇಳಿ ತಿಳಿದಿರುವುದು ಲೇಸು. ದೇಸೂರದ ಆ ರೈತರು ಉಳಿದ ಮೂರು ಅಂಕಿಗಳನ್ನೂ ಹೇಳಿದ್ದರೆ ಈ ರಕ್ಷಣೆಯೂ ಅವರ ಕೈತಪ್ಪುತ್ತಿತ್ತು.

ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡಕ್ಕೆ ಅರ್ಹವಾದ ಅಪರಾಧ. ಗ್ರಾಹಕರ ದಾಖಲೆ ಕಳವಾದರೆ ಅವರಿಗೆ ತಿಳಿಸುವ ಹೊಣೆಯನ್ನು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಸಂಸ್ಥೆಗಳ ಮೇಲೆ ಹೊರಿಸಿದೆ. ಇದರ ನಿಯಮಗಳು 2025ರ ನವೆಂಬರ್ ತಿಂಗಳಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ.

ಗಟ್ಟಿಯಾದ ಪಾಸ್‌ವರ್ಡ್ ಮಾಡುವ ಬಗೆ

ಇಂಗ್ಲಿಷಿನ ಸಣ್ಣ ಅಕ್ಷರಗಳು 26. ಎಂಟು ಅಕ್ಷರಗಳ ಪಾಸ್‌ವರ್ಡನ್ನು ಸುಮಾರು 20,900 ಕೋಟಿ ಬಗೆಯಲ್ಲಿ ಜೋಡಿಸಬಹುದು. ಇದು ದೊಡ್ಡ ಸಂಖ್ಯೆಯೆಂದು ತೋರುತ್ತದೆ. ಆದರೆ ಸೆಕೆಂಡಿಗೆ 100 ಕೋಟಿ ಊಹೆ ಮಾಡಬಲ್ಲ ಯಂತ್ರಕ್ಕೆ ಇದು ಮೂರೂವರೆ ನಿಮಿಷದ ಕೆಲಸ. ಅದೇ ವೇಗದಲ್ಲಿ 12 ಅಕ್ಷರಗಳಿಗೆ ಸುಮಾರು ಮೂರು ವರ್ಷ, 16 ಅಕ್ಷರಗಳಿಗೆ 13 ಲಕ್ಷ ವರ್ಷಗಳಿಗೂ ಹೆಚ್ಚು ಬೇಕು. ಅಂದರೆ ಪಾಸ್‌ವರ್ಡಿನ ಬಲ ಮುಖ್ಯವಾಗಿ ಅದರ ಉದ್ದದಲ್ಲಿದೆ.

ಈ ಲೆಕ್ಕ ಅಕ್ಷರಗಳನ್ನು ಯಾವ ಕ್ರಮವೂ ಇಲ್ಲದೆ ಜೋಡಿಸಿದಾಗ ಮಾತ್ರ ಸರಿ. ಮಗನ ಹೆಸರು, ಊರ ದೇವರ ಹೆಸರು, ಹುಟ್ಟಿದ ವರ್ಷ, ಟ್ರ್ಯಾಕ್ಟರಿನ ನಂಬರು ಇವು ಎಷ್ಟು ಉದ್ದವಾದರೂ ಊಹೆಗೆ ಸುಲಭ. ಮೊಬೈಲ್ ಸಂಖ್ಯೆಯಂತೂ ಕಳವಾದ ದಾಖಲೆಯಲ್ಲಿ ಪಕ್ಕದಲ್ಲೇ ಇರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಆರಿಸಿ ಜೋಡಿಸುವುದು ಉತ್ತಮ. ಗಡಿಗೆ, ರೈಲು, ಹಲಸು, ಕುಂಟೆ ಎಂಬಂತೆ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನೆನಪಿಗೂ ಸುಲಭ, ಉದ್ದವೂ ಆಗುತ್ತದೆ. ಇಲ್ಲಿ ಅಚ್ಚಾದ ಪದಗಳನ್ನೇ ಬಳಸದೆ ತಮ್ಮದೇ ಪದಗಳನ್ನು ಆರಿಸಿಕೊಳ್ಳತಕ್ಕದ್ದು.

ರೈತರು ಕೇಳಿದ ಪ್ರಶ್ನೆಗಳು

ಪ್ರಶ್ನೆ: ಇಷ್ಟೊಂದು ಪಾಸ್‌ವರ್ಡ್ ನೆನಪಿಡುವುದು ಹೇಗೆ? ಬರೆದಿಡಬಹುದೇ?

ಉತ್ತರ: ಬರೆದಿಡಬಹುದು. ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಹೊಲದ ಕಾಗದಪತ್ರಗಳಿರುವ ಟ್ರಂಕಿನಲ್ಲಿ ಕೀಲಿ ಹಾಕಿ ಇಡಬಹುದು. ದೂರದ ಕಳ್ಳನಿಗೆ ಆ ಟ್ರಂಕು ಸಿಗದು. ಬ್ಯಾಂಕಿನ ಪಿನ್ ಮಾತ್ರ ಬರೆಯದೆ ನೆನಪಿನಲ್ಲೇ ಇರಬೇಕು. ಯಾವುದನ್ನೂ ಮೊಬೈಲಿನ ಕವರಿನಲ್ಲಿ ಚೀಟಿ ಮಾಡಿ ಇಡಬಾರದು. ಕಂಪ್ಯೂಟರ್ ಬಲ್ಲವರು ಪಾಸ್‌ವರ್ಡ್ ಕಾಪಿಡುವ ತಂತ್ರಾಂಶವನ್ನು ಬಳಸಬಹುದು.

ಪ್ರಶ್ನೆ: ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೇ?

ಉತ್ತರ: ಬೇಕಿಲ್ಲ. ಪದೇ ಪದೇ ಬದಲಿಸಿದರೆ ಜನ ಸುಲಭದ್ದನ್ನೇ ಇಟ್ಟುಕೊಳ್ಳುತ್ತಾರೆ. ಕಳವಾದ ಸುದ್ದಿ ಅಥವಾ ಲಕ್ಷಣ ಕಂಡಾಗ ತಪ್ಪದೆ ಬದಲಿಸಬೇಕು.

ಪ್ರಶ್ನೆ: ನಮಗೆ ಹಣ ಬರಬೇಕಾದರೆ ಪಿನ್ ಹಾಕಬೇಕೇ?

ಉತ್ತರ: ಇಲ್ಲ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ. ಹಣ ಮರಳಿಸುತ್ತೇವೆ, ಪಿನ್ ಒತ್ತಿರಿ ಎನ್ನುವವನು ಮೋಸಗಾರನೆಂದೇ ತಿಳಿಯಬೇಕು.

ಪ್ರಶ್ನೆ: ಅಂಗಡಿಯವರೇ ನಿಜವಾಗಿ ಕರೆ ಮಾಡಿದ್ದರೆ?

ಉತ್ತರ: ಕರೆಯನ್ನು ಮುಗಿಸಿ, ಅಂಗಡಿಯ ಆ್ಯಪ್‌ನಲ್ಲಿರುವ ಸಂಖ್ಯೆಗೆ ನಾವೇ ತಿರುಗಿ ಕರೆ ಮಾಡಬೇಕು. ನಿಜವಾದ ಅಂಗಡಿಯವರಿಗೆ ಇದರಿಂದ ಬೇಸರವಾಗುವುದಿಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಹಳ್ಳಿಗಳಲ್ಲಿ ಅನೇಕ ರೈತರ ಖಾತೆಗಳನ್ನು ಬೇರೆಯವರು ತೆರೆದುಕೊಟ್ಟಿರುತ್ತಾರೆ. ಆಗ ಅನುಕೂಲಕ್ಕೆಂದು ಎಲ್ಲರಿಗೂ ಒಂದೇ ಬಗೆಯ ಪಾಸ್‌ವರ್ಡ್ ಇಡುವ ರೂಢಿ ಇದೆ. ಇದನ್ನು ಬಿಡಬೇಕು. ಖಾತೆ ತೆರೆಯುವಾಗ ರೈತರ ಕೈಯಿಂದಲೇ ಪಾಸ್‌ವರ್ಡ್ ಹಾಕಿಸಿ, ಆ ಹೊತ್ತಿನಲ್ಲಿ ತಾವು ಮುಖ ತಿರುಗಿಸಬೇಕು. ರೈತರ ಸಭೆಗಳಲ್ಲಿ ಐದು ನಿಮಿಷ ಇದಕ್ಕೆಂದು ಮೀಸಲಿಟ್ಟು, 1930 ಸಂಖ್ಯೆಯನ್ನು ಹಲಗೆಯ ಮೇಲೆ ಬರೆದು ತೋರಿಸಬೇಕು. ಮೋಸಕ್ಕೆ ಒಳಗಾದವರನ್ನು ನಾಲ್ಕು ಜನರ ಮುಂದೆ ನಗೆಗೀಡು ಮಾಡಬಾರದು. ನಾಚಿಕೆಯಿಂದ ಸುಮ್ಮನಿದ್ದವರ ದೂರು ತಡವಾಗುತ್ತದೆ. ತಡವಾದಷ್ಟೂ ಹಣ ಮರಳುವ ಆಸೆ ಕಡಿಮೆಯಾಗುತ್ತದೆ.

ದೇಸೂರದ ಆ ರೈತರು ಮಾರನೆಯ ದಿನ ಮಗಳನ್ನು ಕೂಡಿಸಿಕೊಂಡು ತಮ್ಮ ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸಿದರು. ಒಂದು ಗಂಟೆಯ ಕೆಲಸವಾಯಿತಂತೆ. ಜುಲೈ ತಿಂಗಳಲ್ಲಿ ಅವಳ ಶುಲ್ಕ ಕಟ್ಟಿದ್ದಾಗಿ ಫೋನು ಮಾಡಿ ತಿಳಿಸಿದರು. ಬೆಂಕಿ ರೋಗಕ್ಕೆ ಬೀಜೋಪಚಾರವನ್ನು ಬಿತ್ತುವ ಮೊದಲೇ ಮಾಡುತ್ತೇವೆ, ತೆನೆ ಜೊಳ್ಳಾದ ಮೇಲಲ್ಲ. ರೈತ ಬಾಂಧವರು ಈ ಒಂದು ಗಂಟೆಯನ್ನೂ ಸುದ್ದಿ ಬರುವ ಮೊದಲೇ, ಈ ವಾರದಲ್ಲೇ ತೆಗೆದಿರಿಸಬೇಕು. ಕೆಲಸವನ್ನು ಇ-ಮೇಲ್ ಖಾತೆಯಿಂದ ಆರಂಭಿಸಬೇಕು.